ಅಂಜಿರ್ ಕಾಲುವೆಯ ದಂಡೆಯಲ್ಲಿ ಸುಗ್ಗಿ

ಗುರುವಾರ, ಆಗಸ್ಟ್ 14, 2025

ಬೋರ್ನಿಯೋ ದ್ವೀಪದಲ್ಲಿ ಇಂಡೋನೇಷ್ಯಾಕ್ಕೆ ಸೇರಿದ ಭಾಗವನ್ನು ಕಾಲಿಮಂತಾನ್ ಎನ್ನುತ್ತಾರೆ. ಅದರ ದಕ್ಷಿಣದಲ್ಲಿ, ಮಾರ್ತಾಪುರಾ ನದಿ ಬಾರಿತೋ ಎಂಬ ಮಹಾನದಿಯನ್ನು ಕೂಡುವ ಕಡೆ ಬಂಜಾರ್‌ಮಾಸಿನ್ ನಗರವಿದೆ. 2022ರವರೆಗೆ ದಕ್ಷಿಣ ಕಾಲಿಮಂತಾನ್ ಪ್ರಾಂತ್ಯದ ರಾಜಧಾನಿಯಾಗಿದ್ದ ಈ ಊರು ಆ ಪಟ್ಟವನ್ನು ಒಳನಾಡಿನ ಬಂಜಾರ್‌ಬಾರುವಿಗೆ ಬಿಟ್ಟುಕೊಟ್ಟಿದ್ದರೂ ವ್ಯಾಪಾರದ ಕೇಂದ್ರ ಇಂದಿಗೂ ಇದೇ. ಇಲ್ಲಿನ ಬಹುಸಂಖ್ಯಾತರು ಬಂಜಾರ್ ಜನ. 2010ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಅವರ ಸಂಖ್ಯೆ ಸುಮಾರು 41 ಲಕ್ಷ. ಮಲಯ ಬಳಗದ ಭಾಷೆಯನ್ನಾಡುವ ಈ ಮುಸ್ಲಿಂ ಸಮುದಾಯಕ್ಕೂ ನಮ್ಮ ತಾಂಡಾಗಳ ಬಂಜಾರರಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಬಂದದ್ದು ಒಂದು ಭತ್ತದ ಹಳ್ಳಿಯನ್ನು ನೋಡಲು. ಬಂಜಾರ್‌ಬಾರುವಿನಲ್ಲಿ ಜೌಗುಭೂಮಿಯ ಬೇಸಾಯಕ್ಕೆಂದೇ ದಶಕಗಳಿಂದ ಸಂಶೋಧನಾ ಕೇಂದ್ರವೊಂದು ಕೆಲಸ ಮಾಡುತ್ತಿದೆ. ಅದೇ ಊರಿನವರಾದ, ಮಣ್ಣು ವಿಜ್ಞಾನ ಓದಿದ ಮಿತ್ರರೊಬ್ಬರು ತಮ್ಮ ಬಂಧುಗಳ ಮನೆಗೆ ಸುಗ್ಗಿಯ ಸಮಯಕ್ಕೆ ಕರೆದೊಯ್ಯುವುದಾಗಿ ಹೇಳಿದ್ದರು. ಹಳ್ಳಿಯ ಹೆಸರನ್ನು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡದ್ದರಿಂದ ಅದು ಬಾರಿತೋ ಕುವಾಲಾ ಜಿಲ್ಲೆಯಲ್ಲಿ, ಅಂಜಿರ್ ಸೆರಾಪತ್ ಕಾಲುವೆಗೆ ಹೊಂದಿಕೊಂಡಿದೆ ಎಂದಷ್ಟೇ ಹೇಳುತ್ತೇನೆ.

ಬಂಜಾರ್‌ಮಾಸಿನ್ನಿನಿಂದ ಪಶ್ಚಿಮಕ್ಕೆ ಹೊರಟರೆ 2021ರಲ್ಲಿ ತೆರೆದ ಅಲಾಲಾಕ್ ತೂಗುಸೇತುವೆ ಮೊದಲು ಸಿಗುತ್ತದೆ, ಅನಂತರ 1997ರಲ್ಲಿ ಉದ್ಘಾಟನೆಯಾದ, 1,082 ಮೀಟರ್ ಉದ್ದದ ಬಾರಿತೋ ಸೇತುವೆ. ಕೆಳಗೆ ಕಲ್ಲಿದ್ದಲು ತುಂಬಿದ ದೋಣಿಗಳು ಒಂದರ ಹಿಂದೊಂದು ಸಮುದ್ರದ ಕಡೆಗೆ ಸಾಗುತ್ತಿದ್ದವು. ಪ್ರಾಂತ್ಯದ ಹಣ ಹರಿಯುವ ದಾರಿ ಅದು. ಸೇತುವೆ ಇಳಿದ ಮೇಲೆ ಹೆದ್ದಾರಿ ನೇರವಾಗಿ ಅಂಜಿರ್ ಸೆರಾಪತ್ತಿನ ಪಕ್ಕದಲ್ಲೇ ಓಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ಚರ ಆಡಳಿತವು ಬಾರಿತೋ ಮತ್ತು ಕಾಪುವಾಸ್ ನದಿಗಳನ್ನು ಕೂಡಿಸಲು ತೋಡಿಸಿದ ಈ ಕಾಲುವೆ ಸುಮಾರು 28 ಕಿಲೋಮೀಟರ್ ಉದ್ದವಿದೆ. ಸರಕು ಸಾಗಿಸಲು ತೋಡಿದ ಕಾಲುವೆ ಅದು. ಆದರೆ ಉಬ್ಬರದ ನೀರು ಅದರೊಳಗೆ ನುಗ್ಗುವುದನ್ನು ಕಂಡ ಬಂಜಾರ್ ರೈತರು ಎರಡೂ ದಂಡೆಗಳಿಂದ ಒಳಕ್ಕೆ ಕೈಯಿಂದಲೇ ಕಿರುಗಾಲುವೆಗಳನ್ನು ಅಗೆದು ಭತ್ತ ಬೆಳೆಯತೊಡಗಿದರು. ಈ ಕಿರುಗಾಲುವೆಗೆ ಹಂಡಿಲ್ ಎನ್ನುತ್ತಾರೆ. ನಾಲ್ಕಾರು ಮೀಟರ್ ಅಗಲ, ಎರಡು ಮೂರು ಕಿಲೋಮೀಟರ್ ಉದ್ದ. ಒಂದೊಂದು ಹಂಡಿಲ್ಲಿಗೂ ಒಬ್ಬ ಮುಖ್ಯಸ್ಥ, ಹೂಳು ಮತ್ತು ಕಳೆ ತೆಗೆಯಲು ವರ್ಷಕ್ಕೊಮ್ಮೆ ಎಲ್ಲರ ಕೂಲಿಯಿಲ್ಲದ ದುಡಿಮೆ.

ಹಂಡಿಲ್ ಬಾಯಿಯಲ್ಲಿ ಕಾರು ನಿಲ್ಲಿಸಿ ಕ್ಲೋಟೋಕ್ ಎಂಬ ಎಂಜಿನ್ ದೋಣಿಗೆ ಕಾದೆವು. ಇಳಿತವಾಗಿದ್ದರಿಂದ ದೋಣಿ ಒಳಹೋಗುವಷ್ಟು ನೀರಿರಲಿಲ್ಲ. ಪಕ್ಕದಲ್ಲೇ ಸಿಮೆಂಟಿನ ಕಿರಿದಾದ ದಾರಿಯಿದ್ದು ಬೈಕುಗಳು ಓಡಾಡುತ್ತಿದ್ದರೂ ನಮ್ಮ ಸಾಮಾನಿನ ಜೊತೆಗೆ ಮನೆಗೆ ಬೇಕಾದ ಸಿಮೆಂಟ್ ಚೀಲಗಳೂ ಇದ್ದುದರಿಂದ ಉಬ್ಬರ ಬರುವವರೆಗೆ ಚಹಾ ಅಂಗಡಿಯಲ್ಲಿ ಕೂತೆವು.

ಮನೆ ಗಲಾಮ್ ಮರದ ಕಂಬಗಳ ಮೇಲೆ ನಿಂತಿದೆ. ಜೌಗಿನಲ್ಲಿ ತಾನಾಗಿ ಬೆಳೆಯುವ ಈ ಮರ ನೀರಿನಲ್ಲಿ ಮುಳುಗಿದ್ದಷ್ಟು ಕಾಲ ಕೊಳೆಯುವುದಿಲ್ಲವಂತೆ. ಹಲಗೆಯ ಗೋಡೆ, ತಗಡಿನ ಮಾಡು, ಮುಂದೆ ಅಗಲವಾದ ಜಗಲಿ. ಒಳಗೋಡೆಯಲ್ಲಿ, ಈ ಪ್ರಾಂತ್ಯದ ಬಹುತೇಕ ಮನೆಗಳಲ್ಲಿರುವಂತೆ, 2005ರಲ್ಲಿ ತೀರಿಕೊಂಡ ಮಾರ್ತಾಪುರಾ ಪಟ್ಟಣದ ಧರ್ಮಗುರು ಗುರು ಸೆಕುಂಪುಲ್ ಅವರ ಭಾವಚಿತ್ರ. ಮನೆಯ ಯಜಮಾನರನ್ನು ಪಾಮಾನ್ ಎಂದೂ ಅವರ ಪತ್ನಿಯನ್ನು ಆಚಿಲ್ ಎಂದೂ, ಅಂದರೆ ಚಿಕ್ಕಪ್ಪ ಚಿಕ್ಕಮ್ಮ ಎಂದು, ಅಜ್ಜಿಯನ್ನು ನಿನಿ ಎಂದೂ ಕರೆಯಬೇಕೆಂದು ಮಿತ್ರರು ದಾರಿಯಲ್ಲೇ ಪಾಠ ಮಾಡಿದ್ದರು. ರಾತ್ರಿಯ ಊಟಕ್ಕೆ ಹಾರುವಾನ್ ಮೀನಿನ ಹುಳಿ. ನಮ್ಮ ಕೆರೆಗಳ ಕೊರವ ಮೀನಿನ ಬಳಗದ್ದು ಅದು. ಜೊತೆಗೆ ಮಂದಾಯ್, ಹಲಸಿನ ಜಾತಿಯ ಚೆಂಪೆಡಕ್ ಹಣ್ಣಿನ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಹುದುಗಿಸಿ ಎಣ್ಣೆಯಲ್ಲಿ ಹುರಿದದ್ದು. ಹಲಸಿನ ನಾಡಿನವನಾದ ನನಗೆ ಸಿಪ್ಪೆಯನ್ನು ಇಷ್ಟು ರುಚಿಯಾಗಿ ಉಣ್ಣಬಹುದೆಂದು ತಿಳಿದಿರಲಿಲ್ಲ.

ಊಟದ ಬಳಿಕ ಆಚಿಲ್ ಪಕ್ಕದ ಮನೆಗೆ ಹೊರಟರು. ಗುರುವಾರ ರಾತ್ರಿ ಹೆಂಗಸರು ಸೇರಿ ಕುರಾನಿನ ಯಾಸೀನ್ ಅಧ್ಯಾಯ ಪಠಿಸುತ್ತಾರೆ. ಪಠಣ ಮುಗಿದ ಮೇಲೆ ಅಲ್ಲಿಯೇ ಚೀಟಿ ಎತ್ತುತ್ತಾರೆ. ಬ್ಯಾಂಕು ಹೆದ್ದಾರಿಯ ಬದಿಯಲ್ಲಿದ್ದರೂ ಹೆಂಗಸರ ಉಳಿತಾಯವೆಲ್ಲ ಈ ಚೀಟಿಯಲ್ಲಿಯೇ ಇದೆ ಎಂದು ಪಾಮಾನ್ ಹೇಳಿದರು.

ಶುಕ್ರವಾರ, ಆಗಸ್ಟ್ 15

ಬೆಳಗಿನ ಆರೂವರೆಗೆ ಗದ್ದೆಯಲ್ಲಿದ್ದೆವು. ಎದೆಯೆತ್ತರದ ಭತ್ತ, ಕೆಲವು ಕಡೆ ಗಾಳಿಗೆ ಮಲಗಿಬಿಟ್ಟಿದೆ. ಕಾಲಿಟ್ಟರೆ ಮೊಣಕಾಲಿನ ಹತ್ತಿರದವರೆಗೆ ಹೂತುಹೋಗುವ ಕೆಸರು. ಹತ್ತು ಹನ್ನೆರಡು ಮಂದಿ ಹೆಂಗಸರು ಅಗಲವಾದ ಟೋಪಿ ತೊಟ್ಟು, ಮುಖಕ್ಕೆ ಅಕ್ಕಿಹಿಟ್ಟಿನ ತಂಪು ಲೇಪ ಬಳಿದುಕೊಂಡು ಸಾಲಾಗಿ ನಿಂತಿದ್ದರು. ಇವರಲ್ಲಿ ಅರ್ಧ ಜನ ಮುಯ್ಯಾಳುಗಳು, ಉಳಿದವರು ಕೊಯ್ದ ಭತ್ತದಲ್ಲಿ ಪಾಲು ಪಡೆಯುವವರು.

ನಿನಿಯ ಕೈಯಲ್ಲಿದ್ದದ್ದು ರಂಗಾಮನ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಮರದ ತುಂಡಿಗೆ ಸಣ್ಣ ಅಲಗನ್ನು ಕೂಡಿಸಿರುತ್ತಾರೆ. ಅದನ್ನು ಬೆರಳುಗಳ ನಡುವೆ ಹಿಡಿದು, ತೆನೆಯ ಕತ್ತನ್ನು ಅಲಗಿಗೆ ಒತ್ತಿ, ಒಂದೊಂದೇ ತೆನೆಯನ್ನು ಚಿವುಟಿದಂತೆ ಕೊಯ್ಯಬೇಕು. ಎಡಗೈಯಲ್ಲಿ ಹಿಡಿ ತುಂಬಿದರೆ ಅದನ್ನು ಸೊಂಟದ ಬುಟ್ಟಿಗೆ ಹಾಕುತ್ತಾರೆ. ಕಿರಿಯ ಹೆಂಗಸರು ಕುಡುಗೋಲಿಗೆ ಬಂದು ಬಹಳ ಕಾಲವಾಗಿದೆ. ಮಲಗಿದ ಭತ್ತಕ್ಕೂ ಬಿತ್ತನೆಗೆ ಆರಿಸುವ ತೆನೆಗೂ ಮಾತ್ರ ಈಗ ರಂಗಾಮನ್ ಬಳಕೆ. ಕೊಯ್ಲಿನ ಯಂತ್ರ ಒಮ್ಮೆ ಬಂದಿತ್ತಂತೆ. ಹೆದ್ದಾರಿಯ ಹತ್ತಿರದ ಗಟ್ಟಿ ಗದ್ದೆಗಳಲ್ಲಿ ಕೆಲಸ ಮಾಡಿ, ಒಳಗಿನ ಗದ್ದೆಗೆ ಇಳಿದೊಡನೆ ಹೂತುಕೊಂಡಿತು. ಅದನ್ನು ಎಳೆದು ಮೇಲೆತ್ತಲು ಮೂರು ಹಂಡಿಲ್ಲುಗಳ ಗಂಡಸರು ಬೇಕಾಯಿತೆಂದು ಹೇಳುವಾಗ ಆಚಿಲ್‌ಗೆ ನಗು ತಡೆಯಲಾಗಲಿಲ್ಲ.

ಇವರು ಬೆಳೆಯುವ ಸಿಯಾಮ್ ಉನುಸ್, ಸಿಯಾಮ್ ಮುತಿಯಾರಾ ಮುಂತಾದ ತಳಿಗಳು ಬಿತ್ತನೆಯಿಂದ ಕೊಯ್ಲಿನವರೆಗೆ ಎಂಟರಿಂದ ಹತ್ತು ತಿಂಗಳು ತೆಗೆದುಕೊಳ್ಳುತ್ತವೆ. ವರ್ಷಕ್ಕೆ ಒಂದೇ ಬೆಳೆ. ಸರ್ಕಾರಿ ವರದಿಗಳನ್ನು ಓದಿದರೆ ಹಿಂದುಳಿದ ಬೇಸಾಯವೆಂದು ತೋರಬಹುದು. ಗದ್ದೆಯ ಬದುವಿನ ಮೇಲೆ ಕುಳಿತು ಪಾಮಾನ್ ವಿವರಿಸಿದ ಕ್ರಮವನ್ನು ಕೇಳಿದ ಮೇಲೆ ನನಗೆ ಹಾಗೆ ತೋರಲಿಲ್ಲ.

ಅಕ್ಟೋಬರ್ ಹೊತ್ತಿಗೆ ಮಳೆ ಶುರುವಾದಾಗ ಮನೆಯ ಹತ್ತಿರದ ಎತ್ತರದ ಒಣ ಜಾಗದಲ್ಲಿ ಕೋಲಿನಿಂದ ಗುಳಿ ಮಾಡಿ ಬೀಜ ಊರುತ್ತಾರೆ, ಇದು ತಾರಾದಕ್. ನಲವತ್ತು ದಿನ ಕಳೆದ ಮೇಲೆ ಸಸಿಗಳನ್ನು ಕಿತ್ತು, ಬುಡ ಬಿಡಿಸಿ, ಗದ್ದೆಯ ಅಂಚಿನಲ್ಲಿ ನೀರು ಕಡಿಮೆಯಿರುವೆಡೆ ನೆಡುತ್ತಾರೆ; ಇದು ಅಂಪಕ್. ಇನ್ನೂ ನಲವತ್ತು ದಿನ ಬಿಟ್ಟು, ತೆಂಡೆಯೊಡೆದು ದಪ್ಪಗಾದ ಬುಡಗಳನ್ನು ಮತ್ತೆ ಬಿಡಿಸಿ ಗದ್ದೆಯ ಒಂದು ಭಾಗಕ್ಕೆ ಹರಡುತ್ತಾರೆ, ಇದು ಲಾಚಕ್. ಮತ್ತೆ ಎರಡು ತಿಂಗಳಿಗೆ, ಮಾರ್ಚ್ ಏಪ್ರಿಲ್ ಹೊತ್ತಿಗೆ, ಮಳೆನೀರು ತಗ್ಗಿದ ಮೇಲೆ ಇಡೀ ಗದ್ದೆಗೆ ಕೊನೆಯ ನಾಟಿ. ಮಳೆಗಾಲದ ನಡುವೆ ಗದ್ದೆಯಲ್ಲಿ ಸೊಂಟದ ಹತ್ತಿರದವರೆಗೆ ನೀರು ನಿಲ್ಲುವುದರಿಂದ ಗೇಣುದ್ದದ ಅಗೆಯನ್ನು ನೆಟ್ಟರೆ ಮುಳುಗಿ ಸಾಯುತ್ತದೆ. ನೀರು ಇಳಿಯುವ ತನಕ ಸಸಿಯನ್ನು ಬೇರೆಡೆ ಬೆಳೆಸುತ್ತಾ, ಮೀಟರಿನಷ್ಟು ಎತ್ತರವಾದ ಮೇಲೆ ಮೊನಚಾದ ಕೋಲಿನಿಂದ ಕೆಸರಿನಲ್ಲಿ ತೂತು ಮಾಡಿ ನೆಡುವ ಉಪಾಯ ಇದು. ಪ್ರತಿ ಹಂತದಲ್ಲೂ ಒಂದು ಬುಡ ಹಲವಾಗುವ ಕಾರಣ ಹೆಕ್ಟೇರಿಗೆ ಐದಾರು ಕಿಲೋ ಬೀಜವೇ ಸಾಕಾಗುತ್ತದೆ.

ಇಷ್ಟು ಬಾರಿ ಕಿತ್ತು ನೆಟ್ಟರೂ ಎಲ್ಲ ಗದ್ದೆಗಳೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹೇಗೆ ಹೊಡೆ ಒಡೆಯುತ್ತವೆ ಎಂದು ಕೇಳಿದೆ. ಉತ್ತರವನ್ನು ಮಿತ್ರರು ಕೊಟ್ಟರು. ಈ ತಳಿಗಳು ಹಗಲಿನ ಉದ್ದವನ್ನು ಅರಿಯುತ್ತವೆ. ಭೂಮಧ್ಯರೇಖೆಯಿಂದ ಮೂರು ಡಿಗ್ರಿ ದಕ್ಷಿಣಕ್ಕಿರುವ ಈ ಊರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಇಪ್ಪತ್ತು ನಿಮಿಷದ ಆಸುಪಾಸು. ಮನುಷ್ಯರ ಗಮನಕ್ಕೇ ಬಾರದ ಅಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು ಭತ್ತ ಜೂನ್ ತಿಂಗಳಲ್ಲಿ ಹೂ ಬಿಡುತ್ತದೆ, ಆಗಸ್ಟಿನಲ್ಲಿ ಹಣ್ಣಾಗುತ್ತದೆ.

ಉಳುಮೆ ಎಂಬುದು ಇಲ್ಲವೇ ಇಲ್ಲ. ಕೊಟ್ಟಿಗೆಯ ಮೂಲೆಯಿಂದ ಪಾಮಾನ್ ತಾಜಾಕ್ ಎಂಬ ಆಯುಧವನ್ನು ತಂದು ತೋರಿಸಿದರು. ಉದ್ದನೆಯ ಅಲಗು ತುದಿಯಲ್ಲಿ ಬಾಗಿ ಅಗಲವಾಗುತ್ತದೆ. ನೀರಿನೊಳಗೆ ಬೀಸಿ ಹುಲ್ಲನ್ನು ನೆಲಮಟ್ಟಕ್ಕೆ ತರಿಯುತ್ತಾರೆ. ತರಿದ ಹುಲ್ಲನ್ನು ಉಂಡೆಕಟ್ಟಿ ನೀರಿನಲ್ಲೇ ಕೊಳೆಯಲು ಬಿಟ್ಟು, ಮಗುಚಿ ಹಾಕಿ, ನಾಟಿಯ ಮುಂಚೆ ಗದ್ದೆಯ ತುಂಬ ಹರಡುತ್ತಾರೆ. ಗೊಬ್ಬರ ಎಂದರೆ ಬಹುಮಟ್ಟಿಗೆ ಇಷ್ಟೇ. ಇಳುವರಿ ಹೆಕ್ಟೇರಿಗೆ ಎರಡರಿಂದ ಮೂರು ಟನ್.

ಇದನ್ನೆಲ್ಲ ಕೇಳುವಾಗ ಕುಮಟಾ ಕಡೆಯವನಾದ ನನಗೆ ಅಘನಾಶಿನಿಯ ಗಜನಿ ಗದ್ದೆಗಳ ನೆನಪಾಗದೆ ಇರಲು ಸಾಧ್ಯವಿರಲಿಲ್ಲ. ಅಲ್ಲಿಯೂ ಉಬ್ಬರದ ನೀರು, ಅಲ್ಲಿಯೂ ಮುಳುಗಿ ಏಳುವ ಎತ್ತರದ ಕಗ್ಗ ಭತ್ತ, ಅಲ್ಲಿಯೂ ಕಡಿಮೆ ಇಳುವರಿ ಮತ್ತು ಕಡಿಮೆ ಖರ್ಚು. ವ್ಯತ್ಯಾಸವೆಂದರೆ ನಮ್ಮಲ್ಲಿ ಕಗ್ಗದ ಅಕ್ಕಿಯನ್ನು ಕೇಳಿ ಕೊಳ್ಳುವ ಪೇಟೆ ಬೆಳೆಯಲಿಲ್ಲ, ಗಜನಿಗಳು ಸಿಗಡಿಯ ಹೊಂಡಗಳಾದವು. ಇಲ್ಲಿ ಬಂಜಾರ್‌ಮಾಸಿನ್ನಿನ ಜನ ಉದುರುದುರಾದ ಸಿಯಾಮ್ ಅಕ್ಕಿಯ ಅನ್ನವನ್ನೇ ಬಯಸುತ್ತಾರೆ. ಜಾವಾದ ಮೆತ್ತನೆಯ ಅನ್ನ ಅವರಿಗೆ ಸೇರುವುದಿಲ್ಲ. ಈ ಹಳ್ಳಿ ಉಳಿದಿರುವುದಕ್ಕೆ ಆ ನಾಲಿಗೆಯ ಹಟವೇ ಅರ್ಧ ಕಾರಣವೆಂದು ನನ್ನ ಎಣಿಕೆ.

ಹನ್ನೊಂದಕ್ಕೆ ಕೆಲಸ ನಿಂತಿತು. ಗಂಡಸರು ಶುಕ್ರವಾರದ ನಮಾಜಿಗೆ ಹೋದರು. ಮಧ್ಯಾಹ್ನ ಸಣ್ಣ ಮಳೆ ಬಂದು ಕೊಯ್ದ ಸಿವುಡುಗಳನ್ನು ತರಾತುರಿಯಲ್ಲಿ ಒಳಗೆ ಸಾಗಿಸುವುದರಲ್ಲೇ ದಿನ ಮುಗಿಯಿತು.

ಶನಿವಾರ, ಆಗಸ್ಟ್ 16

ಬೆಳಿಗ್ಗೆ ಜುಕುಂಗ್ ಎಂಬ ಸಣ್ಣ ದೋಣಿಯಲ್ಲಿ ಹಂಡಿಲ್ಲಿನ ಒಳತುದಿಗೆ ಹೊರಟೆವು. ಹೆದ್ದಾರಿಯ ಕಡೆ ಮಣ್ಣಿನ ಬಣ್ಣದ ನೀರು ಒಳಕ್ಕೆ ಹೋದಂತೆ ತಿಳಿಯಾಗುತ್ತದೆ, ಆಮೇಲೆ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ದಂಡೆಯಲ್ಲಿ ತುಕ್ಕಿನ ಪೊರೆ ಕಟ್ಟಿತ್ತು. ಮಿತ್ರರು ಚೀಲದಿಂದ ಕಾಗದದ ಪಟ್ಟಿಯೊಂದನ್ನು ತೆಗೆದು ನೀರಿಗೆ ಅದ್ದಿ, ಬಣ್ಣ ನೋಡಿ, ನಾಲ್ಕಕ್ಕಿಂತ ಕೆಳಗೆ ಎಂದರು. ಏಳು ಎಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ನೀರು. ನಾಲ್ಕೆಂದರೆ ಭತ್ತದ ಬೇರಿಗೆ ಕಷ್ಟಕಾಲ.

ಈ ಜೌಗು ನೆಲ ಹಿಂದೆಂದೋ ಸಮುದ್ರದ ಹೂಳಿನಿಂದಾದದ್ದು. ಮೇಲ್ಪದರದ ಕೆಳಗೆ ಗಂಧಕ ಮತ್ತು ಕಬ್ಬಿಣ ಕೂಡಿದ ಪೈರೈಟ್ ಎಂಬ ಖನಿಜವಿದೆ. ನೀರಿನಲ್ಲಿ ಮುಳುಗಿರುವ ತನಕ ಅದು ಯಾರ ತಂಟೆಗೂ ಬರುವುದಿಲ್ಲ. ನೀರು ಬಸಿದು ಗಾಳಿ ತಾಗಿತೋ, ಗಂಧಕಾಮ್ಲವಾಗಿ ಮಾರ್ಪಟ್ಟು, ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅನ್ನು ಕರಗಿಸಿ ಬೆಳೆಯನ್ನು ಸುಡುತ್ತದೆ. ತಾಜಾಕ್ ನೆಲದ ಮೇಲ್ಮೈಯನ್ನಷ್ಟೇ ಸವರಿ ಹೋಗುವುದರ ಮರ್ಮ ನನಗೆ ಆಗ ತಿಳಿಯಿತು. ಟ್ರ್ಯಾಕ್ಟರಿನ ನೇಗಿಲು ಆಳಕ್ಕಿಳಿದು ಪೈರೈಟನ್ನು ಮೇಲೆತ್ತಿದರೆ ಆ ಗದ್ದೆ ಎಷ್ಟೋ ವರ್ಷ ಕೈಬಿಟ್ಟಂತೆಯೇ. ಪಾಮಾನ್‌ಗೆ ಪೈರೈಟ್ ಎಂಬ ಹೆಸರು ಗೊತ್ತಿಲ್ಲ. “ಕೆಳಗಿನ ಮಣ್ಣು ಕೆಟ್ಟದ್ದು, ಅದನ್ನು ಕೆಣಕಬಾರದು ಎಂದು ನನ್ನ ತಂದೆ ಹೇಳುತ್ತಿದ್ದರು” ಎಂದಷ್ಟೇ ಅವರು ಹೇಳಿದರು.

ಒಳತುದಿಯಲ್ಲಿ ತಾಬಾತ್ ಇತ್ತು. ಮಣ್ಣು, ಗಲಾಮ್ ಕಂಬ, ಹಲಗೆಗಳಿಂದ ಕಾಲುವೆಗೆ ಅಡ್ಡಲಾಗಿ ಹಾಕಿದ ಕಟ್ಟ. ಬೇಸಿಗೆಯಲ್ಲಿ ಸಿಹಿನೀರು ಬಸಿದುಹೋಗದಂತೆ, ನೆಲ ಒಣಗದಂತೆ ಅದನ್ನು ಮುಚ್ಚಿಡುತ್ತಾರೆ. ಮೊದಲ ದೊಡ್ಡ ಮಳೆಗೆ ಒಡೆದು ಸಂಗ್ರಹವಾದ ಹುಳಿನೀರನ್ನೆಲ್ಲ ಹೊರಗೆ ತೊಳೆದುಹಾಕುತ್ತಾರೆ. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದನ್ನು ಹಂಡಿಲ್ ಮುಖ್ಯಸ್ಥ ತೀರ್ಮಾನಿಸುತ್ತಾನೆ. ಜಗಳಗಳೂ ಆಗುತ್ತವೆ: ಬಾಯಿಯ ಹತ್ತಿರದ ಗದ್ದೆಗೆ ದಿನವೂ ಉಬ್ಬರದ ನೀರು ಸಿಗುತ್ತದೆ, ನಡುವಿನ ಗದ್ದೆಗೆ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಮಾತ್ರ, ಒಳತುದಿಯ ಗದ್ದೆಗೆ ಮಳೆಯೇ ಗತಿ. ಒಬ್ಬನಿಗೆ ಹಿತವಾದ ತಾರೀಖು ಇನ್ನೊಬ್ಬನಿಗೆ ನಷ್ಟ.

ಕಟ್ಟದ ಆಚೆ ಪುರುನ್ ಎಂಬ ಜೊಂಡು ಆಳೆತ್ತರಕ್ಕೆ ಬೆಳೆದು ನಿಂತಿತ್ತು. ಇದರ ಒಂದು ಜಾತಿ ಇಂಥ ಹುಳಿಮಣ್ಣಿನಲ್ಲೇ ಸೊಂಪಾಗಿ ಬರುತ್ತದೆ. ಭತ್ತದ ಕಾಂಡ ಕೊರೆಯುವ ಹುಳುವಿನ ಪತಂಗ ಅದರ ಮೇಲೆಯೇ ಮೊಟ್ಟೆಯಿಡಲು ಬಯಸುವುದರಿಂದ ಗದ್ದೆಯ ಅಂಚಿನಲ್ಲಿ ಅದನ್ನು ಪೂರ್ತಿ ಕಡಿಯದೆ ಬಿಡುವುದು ಲೇಸೆಂದು ಇಲ್ಲಿನ ಸಂಶೋಧಕರೂ ಹೇಳುತ್ತಾರೆ. ಇನ್ನೊಂದು ಜಾತಿಯಿಂದ ಹೆಂಗಸರು ಚಾಪೆ ಹೆಣೆಯುತ್ತಾರೆ. ಒಂದು ಚಾಪೆಗೆ ಕೊಯ್ದು, ಒಣಗಿಸಿ, ಒನಕೆಯಲ್ಲಿ ಜಜ್ಜಿ, ಹೆಣೆಯುವಷ್ಟು ಕೆಲಸ; ಸಿಗುವ ದುಡ್ಡು ಹೇಳುವಂಥದ್ದಲ್ಲ.

ಜೊಂಡಿನ ಹಿಂದೆ ಎಣ್ಣೆತಾಳೆಯ ತೋಟ. ಅಲ್ಲಿನ ಬಸಿಗಾಲುವೆಗಳು ಆಳವಾಗಿವೆ, ನೇರವಾಗಿವೆ. ಎಣ್ಣೆತಾಳೆಗೆ ಬೇರಿನಲ್ಲಿ ನೀರು ನಿಲ್ಲಬಾರದು, ಈ ಭತ್ತಕ್ಕೆ ನೆಲ ಒಣಗಬಾರದು. ಎರಡೂ ಒಂದೇ ಜೌಗಿನಲ್ಲಿ ಅಕ್ಕಪಕ್ಕ ಇದ್ದರೆ ಯಾರ ನೀರು ಯಾರ ಕಡೆಗೆ ಹೋಗುತ್ತದೆ ಎಂಬುದಕ್ಕೆ ಪಂಚಾಯಿತಿ ಬೇಕಿಲ್ಲ. ತೋಟ ಬಂದ ಮೇಲೆ ತಮ್ಮ ಒಳಗದ್ದೆ ಬೇಗ ಒಣಗುತ್ತಿದೆ ಎಂದು ಪಾಮಾನ್ ಹೇಳಿದರು. ಅದೇ ತೋಟದಲ್ಲಿ ಅವರ ಅಳಿಯ ದಿನಗೂಲಿ ಮಾಡುತ್ತಾನೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರು.

ಹಿಂತಿರುಗುವಾಗ ಮಿತ್ರರು ಪಶ್ಚಿಮದ ಕಡೆ ಕೈತೋರಿಸಿ ಅತ್ತ ಕಾಪುವಾಸ್‌ನ ಆಚೆಗಿನ ಕಥೆಯನ್ನು ಹೇಳಿದರು. 1995ರಲ್ಲಿ ಅಧ್ಯಕ್ಷ ಸುಹಾರ್ತೋ ಮಧ್ಯ ಕಾಲಿಮಂತಾನಿನ ಹತ್ತು ಲಕ್ಷ ಹೆಕ್ಟೇರ್ ಜೌಗನ್ನು ಭತ್ತದ ಗದ್ದೆಯಾಗಿಸಲು ಆಜ್ಞೆ ಹೊರಡಿಸಿದರು. ಸಾವಿರಾರು ಕಿಲೋಮೀಟರ್ ಕಾಲುವೆಗಳನ್ನು ಯಂತ್ರಗಳಿಂದ ತೋಡಿದರು, ಅದರಲ್ಲಿ ದೊಡ್ಡ ಭಾಗ ಆಳವಾದ ಪೀಟ್ ನೆಲದ ಮೂಲಕ, ಅಂದರೆ ಸಾವಿರಾರು ವರ್ಷಗಳ ಕೊಳೆಯದ ಸಸ್ಯರಾಶಿಯ ಮೂಲಕ ಹಾದುಹೋಯಿತು. ನೀರು ಬಸಿದು ಪೀಟ್ ಒಣಗಿತು, 1997ರ ಎಲ್ ನಿನೋ ಬರಗಾಲದಲ್ಲಿ ಹೊತ್ತಿಕೊಂಡಿತು. ದಶಕ ಮುಗಿಯುವ ಮುನ್ನ ಯೋಜನೆಯನ್ನೇ ಕೈಬಿಡಬೇಕಾಯಿತು. ಬಂಜಾರ್ ರೈತರು ಮೊದಲಿನಿಂದಲೂ ನದಿಯಿಂದ ಕೆಲವೇ ಕಿಲೋಮೀಟರ್ ಒಳಗೆ, ಉಬ್ಬರ ತಲುಪುವ ತನಕ ಮಾತ್ರ ಹಂಡಿಲ್ ತೋಡಿದ್ದರು. ಅದಕ್ಕಿಂತ ಒಳಗೆ ಹೋಗದಿದ್ದದ್ದು ಸೋಮಾರಿತನದಿಂದಲ್ಲವೆಂಬುದನ್ನು ರಾಜಧಾನಿಯ ಇಂಜಿನಿಯರುಗಳು ಯಾರನ್ನಾದರೂ ಕೇಳಿ ತಿಳಿಯಬಹುದಿತ್ತು.

ಸಂಜೆ ಕಿತ್ತಳೆಯ ದಿಬ್ಬಗಳನ್ನು ನೋಡಿದೆವು. ಗದ್ದೆಯ ನಡುವೆ ಅಲ್ಲಲ್ಲಿ ಮಣ್ಣು ಏರಿಸಿ ಒಂದೊಂದು ಸಿಯಾಮ್ ಬಂಜಾರ್ ಕಿತ್ತಳೆ ಗಿಡ ನೆಡುತ್ತಾರೆ. ವರ್ಷವರ್ಷವೂ ಗದ್ದೆಯ ಕೆಸರನ್ನು ಅದಕ್ಕೇ ಏರಿಸುತ್ತಾ ಹೋದರೆ ದಿಬ್ಬಗಳು ಕೂಡಿಕೊಂಡು ಉದ್ದನೆಯ ಏರಿಯಾಗುತ್ತವೆ. ಕೆಳಗೆ ಭತ್ತ, ಮೇಲೆ ಹಣ್ಣು. ಮಗಳ ಮದುವೆಯೂ ಬೈಕೂ ಕಿತ್ತಳೆಯಿಂದಲೇ ಆದದ್ದು ಎಂದರು ಆಚಿಲ್. ಹಳೆಯ ಗಿಡಗಳಲ್ಲಿ ಎಲೆ ಹಳದಿಯಾಗಿ ಕಾಯಿ ಸಣ್ಣಗಾಗಿದ್ದವು.

ಭಾನುವಾರ, ಆಗಸ್ಟ್ 17

ಇಂಡೋನೇಷ್ಯಾದ ಸ್ವಾತಂತ್ರ್ಯ ದಿನ. ಎಂಬತ್ತು ವರ್ಷ ತುಂಬಿದ ಸಂಭ್ರಮಕ್ಕೆ ಪ್ರತಿ ಮನೆಯ ಮುಂದೂ ಕೆಂಪು ಬಿಳಿ ಬಾವುಟ. ಶಾಲೆಯ ಅಂಗಳದಲ್ಲಿ ಧ್ವಜಾರೋಹಣ, ಬಳಿಕ ಗೋಣಿಚೀಲದ ಓಟ, ಮಧ್ಯಾಹ್ನ ಹಂಡಿಲ್ಲಿನಲ್ಲಿ ಜುಕುಂಗ್ ಪಂದ್ಯ. ಊರಿಗೆ ದೂರದಿಂದ ಮಕ್ಕಳೆಲ್ಲ ಬಂದಿದ್ದರಿಂದ ಹಳ್ಳಿಯ ಮುಂದಿನ ಬದುಕಿನ ವಿಚಾರ ಮಾತನಾಡಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ.

ಪ್ರಾಥಮಿಕ ಶಾಲೆ ಹಂಡಿಲ್ ಬಾಯಿಯಲ್ಲಿದೆ. ಪ್ರೌಢಶಾಲೆಗೆ ಹೆದ್ದಾರಿಯ ಪೇಟೆಗೆ ಹೋಗಬೇಕು. ಅದರಾಚೆಗೆ ಓದುವವರು ಬಂಜಾರ್‌ಮಾಸಿನ್ನಿನಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ, ಹಿಡಿದವರಲ್ಲಿ ಗದ್ದೆಗೆ ಮರಳುವವರು ವಿರಳ. ಪಂದ್ಯ ನೋಡುತ್ತಾ ನನ್ನ ಪಕ್ಕ ನಿಂತಿದ್ದ ಯುವಕರಲ್ಲಿ ಒಬ್ಬ ನಗರದಲ್ಲಿ ಆ್ಯಪ್ ಮೂಲಕ ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದ, ಇನ್ನೊಬ್ಬ ಮೊಬೈಲ್ ಅಂಗಡಿಯಲ್ಲಿದ್ದ, ಮತ್ತೊಬ್ಬ ಕಲ್ಲಿದ್ದಲಿನ ದೋಣಿಯಲ್ಲಿ. ಮೂವರೂ ಅಪ್ಪನ ಗದ್ದೆಯಲ್ಲಿ ಎಷ್ಟು ಬೊರೊಂಗ್ ತನಗೆ ಬರುತ್ತದೆಂದು ಕರಾರುವಾಕ್ಕಾಗಿ ಬಲ್ಲರು. ಬೊರೊಂಗ್ ಎಂದರೆ ಹದಿನೇಳು ಮೀಟರ್ ಚೌಕದ ತುಂಡು. ಮೂವತ್ತೈದು ಕೂಡಿದರೆ ಒಂದು ಹೆಕ್ಟೇರ್. ಅಜ್ಜನ ಕಾಲದಲ್ಲಿ ಹೆಕ್ಟೇರುಗಳಲ್ಲಿದ್ದದ್ದು ಪಾಲಾಗಿ ಪಾಲಾಗಿ ಈಗ ಬೊರೊಂಗಿನಲ್ಲಿ ಲೆಕ್ಕಕ್ಕೆ ಬಂದಿದೆ. ಆಸ್ತಿಯ ವಿಷಯದಲ್ಲಿ ಬಂಜಾರರಲ್ಲಿ ಒಂದು ವಿಶೇಷವುಂಟು. ಗಂಡ ಹೆಂಡತಿ ಕೂಡಿ ದುಡಿದು ಗಳಿಸಿದ್ದರಲ್ಲಿ, ಉಳಿದವರಿಗೆ ಪಾಲು ಮಾಡುವ ಮೊದಲು ಹೆಂಡತಿಯ ಭಾಗವನ್ನು ಬೇರೆ ತೆಗೆದಿಡುವ ರೂಢಿಯಿದ್ದು, ಅದನ್ನು ಎತ್ತಿಹಿಡಿದ ಕೀರ್ತಿಯನ್ನು ಹದಿನೆಂಟನೆಯ ಶತಮಾನದ ವಿದ್ವಾಂಸ ಶೇಖ್ ಮುಹಮ್ಮದ್ ಅರ್ಷದ್ ಅಲ್ ಬಂಜಾರಿಗೆ ಕೊಡುತ್ತಾರೆ. ಮೆಕ್ಕಾದಿಂದ ಮರಳಿದ ಆ ವಿದ್ವಾಂಸ ಮಾರ್ತಾಪುರಾದ ಬಳಿ ತಾನೇ ಮುಂದೆ ನಿಂತು ಜೌಗಿನ ನೀರು ಬಸಿಯಲು ಕಾಲುವೆ ತೋಡಿಸಿದನೆಂದೂ ಹೇಳುತ್ತಾರೆ. ಧರ್ಮಗುರುವಿಗೂ ಕಾಲುವೆಯ ಯೋಚನೆ ಬರುವ ನಾಡಿದು.

ಊರು ಬಿಡುವುದು ಇವರಿಗೆ ಹೊಸತಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬಂಜಾರರು ಸುಮಾತ್ರದ ತೆಂಬಿಲಾಹನ್‌ಗೆ, ಮಲೇಷ್ಯಾದ ಪೆರಾಕ್ ರಾಜ್ಯದ ಕೆರಿಯನ್‌ಗೆ ಹೋಗಿ ಅಲ್ಲಿನ ಕರಾವಳಿಯ ಜೌಗನ್ನು ಗದ್ದೆ ಮಾಡಿದರು. ಅಂದು ಹೋದವರು ತಾಜಾಕ್ ಹಿಡಿದು ಹೋದರು. ಇಂದು ಹೋಗುವವರಿಗೆ ಅದನ್ನು ಬೀಸಲು ಬಾರದು, ಕಲಿಯುವ ಮನಸ್ಸೂ ಇಲ್ಲ. ಅವರನ್ನು ದೂರುವಂತೆಯೂ ಇಲ್ಲ: ಬೈಕ್ ಟ್ಯಾಕ್ಸಿಯವನಿಗೆ ಪ್ರತಿ ರಾತ್ರಿ ದುಡ್ಡು ಎಣಿಸಲು ಸಿಗುತ್ತದೆ, ರೈತನಿಗೆ ಹತ್ತು ತಿಂಗಳಿಗೊಮ್ಮೆ.

ನನ್ನ ದೃಷ್ಟಿಯಲ್ಲಿ ಈ ಊರಿನ ನಿಜವಾದ ತೊಡಕು ಇರುವುದು ಇಲ್ಲೇ. ಬೆಳೆ ನಿಧಾನವಾದದ್ದರಿಂದ ಹಳ್ಳಿ ಬಡವಾಗಿದೆ ಎಂದು ಹೊರಗಿನವರು ಹೇಳುತ್ತಾರೆ. ನೆಲವನ್ನು ನೋಡಿದರೆ ಆ ನಿಧಾನವೇ ಸರಿಯಾದ ಲೆಕ್ಕಾಚಾರ. ಆದರೆ ಮೂರು ಬಾರಿ ಕಿತ್ತು ನೆಡುವುದಕ್ಕೆ, ತೆನೆ ಕೊಯ್ಯುವುದಕ್ಕೆ, ಹಂಡಿಲ್ ಹೂಳೆತ್ತುವುದಕ್ಕೆ ಜನ ಬೇಕು, ಅವರೆಲ್ಲ ಒಂದೇ ಊರಿನಲ್ಲಿ ಇರಬೇಕು. ನಿನ್ನೆ ಮೊನ್ನೆ ಗದ್ದೆಯಲ್ಲಿ ಕಂಡ ಮುಯ್ಯಾಳುಗಳಲ್ಲಿ ನಲವತ್ತಕ್ಕಿಂತ ಕಿರಿಯರು ಇಬ್ಬರೇ ಇದ್ದರು. ಅರ್ಧ ಊರು ಬೈಕ್ ಏರಿ ಹೋದ ಮೇಲೆ ಮುಯ್ಯಿ ತೀರಿಸುವವರು ಯಾರು?

ಪಂದ್ಯ ಮುಗಿದ ಮೇಲೆ ಜಗಲಿಯಲ್ಲಿ ಹಜ್ಜಿನ ಮಾತು ಬಂತು. ಕಿತ್ತಳೆ ಚೆನ್ನಾಗಿ ಬಂದ ವರ್ಷ ಪಾಮಾನ್ ದಂಪತಿ ಹೆಸರು ನೋಂದಾಯಿಸಿದ್ದಾರೆ. ಈ ಪ್ರಾಂತ್ಯದಲ್ಲಿ ಸರದಿ 2025ರಲ್ಲಿ ಮೂವತ್ತು ವರ್ಷಕ್ಕೂ ಮೀರಿತ್ತು. ಪಾಮಾನ್‌ಗೆ ಈಗ ಐವತ್ತೆಂಟು.

ಸೋಮವಾರ, ಆಗಸ್ಟ್ 18

ಸರ್ಕಾರ ಇಂದೂ ರಜೆ ಘೋಷಿಸಿದ್ದರಿಂದ, ಊರಿಗೆ ಬಂದಿದ್ದ ಪಾಮಾನ್ ದಂಪತಿಯ ಮಗ ಒಂದು ದಿನ ಹೆಚ್ಚು ಉಳಿದಿದ್ದ. ಬೆಳಿಗ್ಗೆಯಿಂದಲೇ ಎಂಜಿನ್ನಿನ ಒಕ್ಕಣೆ ಯಂತ್ರ ಸದ್ದು ಮಾಡುತ್ತಿತ್ತು. ಜೊಳ್ಳು ತೆಗೆಯಲು ಮಾತ್ರ ಗುಂಬಾನ್ ಎಂಬ ಹಳೆಯ ಮರದ ಯಂತ್ರವೇ. ಹಿಡಿಕೆ ತಿರುಗಿಸಿದರೆ ಒಳಗಿನ ರೆಕ್ಕೆಗಳು ಗಾಳಿ ಬೀಸಿ, ಗಟ್ಟಿಕಾಳು ಒಂದು ಬಾಯಿಯಿಂದ, ಜೊಳ್ಳು ಇನ್ನೊಂದರಿಂದ ಹೊರಬೀಳುತ್ತವೆ. ನಾನೂ ಅರ್ಧ ಗಂಟೆ ತಿರುಗಿಸಿದೆ. ವೇಗ ಸ್ವಲ್ಪ ಹೆಚ್ಚಾದರೂ ಒಳ್ಳೆಯ ಕಾಳು ಜೊಳ್ಳಿನ ಜೊತೆ ಹಾರಿಹೋಗುತ್ತಿತ್ತೆಂದು ನಿನಿ ಗದರಿದರು.

ಭತ್ತವನ್ನು ಇಪ್ಪತ್ತು ಲೀಟರಿನ ತಗಡಿನ ಡಬ್ಬಿಯಲ್ಲಿ, ಬ್ಲೆಕ್ ಎಂಬ ಅಳತೆಯಲ್ಲಿ ಅಳೆದು ಮಾರುತ್ತಾರೆ. ಈ ವರ್ಷ ಸರ್ಕಾರ ಭತ್ತಕ್ಕೆ ಕಿಲೋಗೆ 6,500 ರುಪಿಯಾ ಖರೀದಿ ದರ ನಿಗದಿ ಮಾಡಿದೆ. ನಮ್ಮ ಹಣದಲ್ಲಿ ಸುಮಾರು 35 ರೂಪಾಯಿ. ನಮ್ಮಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ 2025-26ರ ಸಾಲಿಗೆ ಕ್ವಿಂಟಾಲಿಗೆ 2,369 ರೂಪಾಯಿ ಎಂಬುದನ್ನು ಹೇಳಿದಾಗ ಪಾಮಾನ್ ಮನಸ್ಸಿನಲ್ಲೇ ಲೆಕ್ಕ ಹಾಕಿ, ನಿಮ್ಮ ಕಡೆಯ ರೈತರು ಹೇಗೆ ಬದುಕುತ್ತಾರೆ ಎಂದು ಕೇಳಿದರು. ಸಿಯಾಮ್ ಭತ್ತಕ್ಕೆ ವ್ಯಾಪಾರಿಗಳು ಸರ್ಕಾರಿ ದರಕ್ಕಿಂತ ಹೆಚ್ಚೇ ಕೊಡುವುದರಿಂದ ಅವರಿಗೆ ಆ ದರದ ಹಂಗಿಲ್ಲ. ಆದರೆ ತುಂಗ್ರೋ ರೋಗ ಬಂದ ವರ್ಷ ಮಾರಲು ಭತ್ತವೇ ಇರಲಿಲ್ಲ, ಉಣ್ಣಲು ಕೊಂಡು ತರಬೇಕಾಯಿತು. ಬೇರೆ ಬೇರೆ ಕಾಲಕ್ಕೆ ಬೆಳೆ ಇಟ್ಟವರ ಗದ್ದೆಗಳಿಂದ ಜಿಗಿಹುಳು ಅದನ್ನು ತಂದಿತೆಂದು ಅವರ ನಂಬಿಕೆ.

ಮಗನ ಯೋಜನೆ ಬೇರೆಯಿತ್ತು. ಬಾಯಿಯ ಕಡೆಯ, ದಿನವೂ ನೀರು ಬರುವ ಗದ್ದೆಯಲ್ಲಿ ನೂರಿಪ್ಪತ್ತು ದಿನದ ಸುಧಾರಿತ ತಳಿಯನ್ನು ಮಳೆಗಾಲದ ಆರಂಭಕ್ಕೆ ಬೆಳೆದು, ಅದು ಕೊಯ್ದ ಮೇಲೆ ಅದೇ ಗದ್ದೆಗೆ ಲಾಚಕ್‌ನಿಂದ ಸಿಯಾಮ್ ನೆಟ್ಟರೆ ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಇದು ಕನಸಿನ ಮಾತಲ್ಲ. ದಶಕಗಳ ಹಿಂದೆಯೇ ಕೃಷಿ ಇಲಾಖೆ ಪ್ರಚಾರ ಮಾಡಿದ ಪದ್ಧತಿ, ಕೆಲವು ಹಂಡಿಲ್ಲುಗಳಲ್ಲಿ ನಡೆಯುತ್ತಲೂ ಇದೆ. ಅದಕ್ಕೆ ಸುಣ್ಣ ಬೇಕು, ಗೊಬ್ಬರ ಬೇಕು, ಇಲಿ ಮತ್ತು ಹಕ್ಕಿ ಕಾಯಲು ಜನ ಬೇಕು. ಸುಣ್ಣಕ್ಕೆ ತಾನು ಹಣ ಕಳಿಸುವುದಾಗಿ ಮಗ ಹೇಳಿದ. “ಹಕ್ಕಿ ಕಾಯುವುದಕ್ಕೆ ನೀನು ಬರುತ್ತೀಯಾ?” ಎಂದು ಆಚಿಲ್ ಕೇಳಿದರು. ಅವನು ಉತ್ತರ ಕೊಡದೆ ಬ್ಲೆಕ್ ಎಣಿಸತೊಡಗಿದ.

ಕೊನೆಗೆ ಮಾತು ಅರ್ಧ ದಾರಿಯಲ್ಲಿ ಕೂಡಿತು. ಬಾಯಿಯ ಕಡೆಯ ಹನ್ನೆರಡು ಬೊರೊಂಗ್‌ನಲ್ಲಿ ಮಾತ್ರ ಈ ಬಾರಿ ಎರಡು ಬೆಳೆಯ ಪ್ರಯೋಗ. ಪಕ್ಕದ ಗದ್ದೆಯವರೂ ಅದೇ ಹೊತ್ತಿಗೆ ಬಿತ್ತಲು ಒಪ್ಪಿದರೆ ಮಾತ್ರ, ಒಬ್ಬರದೇ ಹಸಿರಿದ್ದರೆ ಊರಿನ ಇಲಿಗಳೆಲ್ಲ ಅಲ್ಲಿಗೇ ಬರುತ್ತವೆ. ಅದಕ್ಕೆ ಹಂಡಿಲ್ ಮುಖ್ಯಸ್ಥನನ್ನು ಇದೇ ಶುಕ್ರವಾರ ಕಾಣಬೇಕು. ನಡುವಿನ ಗದ್ದೆ ಮತ್ತು ಒಳತುದಿಯಲ್ಲಿ ಎಂದಿನಂತೆ ಸಿಯಾಮ್. ಈ ಮಾತುಕತೆಯುದ್ದಕ್ಕೂ ನಿನಿ ತಮ್ಮ ಚಾಪೆಯ ಮೇಲೆ ಕುಳಿತು, ರಂಗಾಮನ್‌ನಲ್ಲಿ ಕೊಯ್ದು ಬೇರೆ ತೆಗೆದಿಟ್ಟ ತೆನೆಗಳಲ್ಲಿ ಗೊನೆ ಉದ್ದವಾದವನ್ನು ಆರಿಸಿ ಕಟ್ಟುತ್ತಿದ್ದರು. ಎರಡು ಬೆಳೆಯ ಗದ್ದೆಗೂ ಎರಡನೆಯ ಬೆಳೆಗೆ ಸಿಯಾಮ್ ಸಸಿಯೇ ಬೇಕಾಗುತ್ತದೆ, ಅದಕ್ಕೆ ತಾರಾದಕ್ ಈ ಸಲ ಸ್ವಲ್ಪ ದೊಡ್ಡದಾಗಿರಲಿ ಎಂದು ಹೇಳಿ, ಅವರು ಬೀಜದ ಕಟ್ಟಿಗೆ ಇನ್ನೂ ಎರಡು ಹಿಡಿ ಸೇರಿಸಿದರು.